ಓದಿದ್ದು ತಿಳಿಯಿತೇ? ಹೊಸ ಶಿಕ್ಷಕರಿಗೆ ಬೇಕು ಆಸರೆ

‘ಮೋಡ ಕವಿಯಿತು. ಅಂಗಳದಲ್ಲಿ ಹರವಿದ್ದ ಜೋಳವನ್ನು ಅಜ್ಜಿ ಅವಸರದಿಂದ ಒಳಗೆ ತಂದಳು.’ ಈ ಎರಡು ವಾಕ್ಯಗಳನ್ನು ಎರಡನೆಯ ಇಯತ್ತೆಯ ಮಗು ತಡವರಿಸದೆ ಓದಬಲ್ಲದು. ಅಜ್ಜಿ ಏನನ್ನು ತಂದಳು ಎಂದು ಕೇಳಿದರೆ ‘ಜೋಳ’ ಎಂದು ಉತ್ತರಿಸುತ್ತದೆ. ಆದರೆ ಅವಸರವೇಕೆ ಎಂದು ಕೇಳಿದಾಗ ಅನೇಕ ಮಕ್ಕಳು ಪುಸ್ತಕದಲ್ಲಿ ಉತ್ತರ ಹುಡುಕುತ್ತಾರೆ. ‘ಮಳೆ’ ಎಂಬ ಪದವೇ ಅಲ್ಲಿಲ್ಲ. ಬರೆದಿರದ ಆ ಮಳೆಯನ್ನು ಊಹಿಸಿಕೊಳ್ಳುವುದೇ ಅರ್ಥಗ್ರಹಣ.

ಅಕ್ಕಲಕೋಟ ತಾಲ್ಲೂಕಿನ ತಡವಳದಂತಹ ಗಡಿಭಾಗದ ಊರುಗಳಲ್ಲಿ ಕನ್ನಡ ಶಾಲೆಗೆ ಮಗುವನ್ನು ಕಳುಹಿಸುವ ಪಾಲಕರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಮಗು ಗಟ್ಟಿಯಾಗಿ ಓದುವುದನ್ನು ಕೇಳಿ ಮನೆಯವರು ಸಂತೋಷಪಡುತ್ತಾರೆ. ಮೂರು ನಾಲ್ಕನೆಯ ಇಯತ್ತೆಯಲ್ಲಿ ಪರಿಸರ, ಗಣಿತದ ಪಾಠಗಳು ತಿಳಿಯದೆ ಹೋದಾಗ ದೋಷವನ್ನು ಮಾಧ್ಯಮದ ಮೇಲೆ ಹೊರಿಸಿ ಶಾಲೆ ಬದಲಿಸುವ ಯೋಚನೆ ಮಾಡುತ್ತಾರೆ. ದೋಷ ಕನ್ನಡದ್ದಲ್ಲ, ಅರ್ಥಗ್ರಹಣವನ್ನು ಕಲಿಸದೆ ಬಿಟ್ಟುದರದ್ದು.

ಅದಕ್ಕೆ ಶಿಕ್ಷಕರನ್ನು ದೂಷಿಸುವುದೂ ನ್ಯಾಯವಲ್ಲ. ಅಮೆರಿಕದ ಸಂಶೋಧಕಿ ಡೊಲೊರೆಸ್ ಡರ್ಕಿನ್ 1970ರ ದಶಕದ ಕೊನೆಯಲ್ಲಿ ನಾಲ್ಕನೆಯ ತರಗತಿಯ ಓದಿನ ಪಾಠಗಳನ್ನು 4,469 ನಿಮಿಷ ಕುಳಿತು ಗಮನಿಸಿದರು. ಅರ್ಥಗ್ರಹಣವನ್ನು ನಿಜವಾಗಿ ಕಲಿಸಲು ಬಳಕೆಯಾದದ್ದು ಕೇವಲ 20 ನಿಮಿಷ. ಉಳಿದಂತೆ ಪ್ರಶ್ನೆ ಕೇಳಿ ಉತ್ತರ ಪರೀಕ್ಷಿಸುವ ಕೆಲಸ ಧಾರಾಳವಾಗಿ ನಡೆದಿತ್ತು. ಕೇಳುವುದು ಬೇರೆ, ಕಲಿಸುವುದು ಬೇರೆ.

ಕನ್ನಡದ ತರಗತಿಯಲ್ಲಿ ಈ ಕೆಲಸಕ್ಕೆ ಮತ್ತೊಂದು ತೊಡಕುಂಟು. ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಕೈವಶವಾಗಲು ಮಕ್ಕಳಿಗೆ ಮೂರು ನಾಲ್ಕು ವರ್ಷಗಳೇ ಬೇಕಾಗುತ್ತವೆ. ಅಕ್ಷರ ಮುಗಿಯಲಿ, ಅರ್ಥ ಆಮೇಲೆ ಎಂದು ಕಾಯುತ್ತ ಕುಳಿತರೆ ಅಮೂಲ್ಯ ಕಾಲ ಕಳೆದುಹೋಗುತ್ತದೆ. ಜೊತೆಗೆ ಮನೆಯ ಮಾತಿಗೂ ಪುಸ್ತಕದ ಕನ್ನಡಕ್ಕೂ ಅಂತರವಿದೆ. ಮನೆಯಲ್ಲಿ ‘ಶ್ಯಾಣ್ಯಾ’ ಎನ್ನಿಸಿಕೊಂಡ ಮಗುವಿಗೆ ಪಾಠದ ‘ಜಾಣ’ ಅಪರಿಚಿತ. ‘ಕೂಡ್ರು’ ಎಂದು ಕೇಳಿ ಬೆಳೆದವನಿಗೆ ‘ಕುಳಿತುಕೋ’ ಹೊಸದು. ಮನೆಯ ಮಾತನ್ನು ತಿದ್ದದೆ, ಅದನ್ನೇ ಮೆಟ್ಟಿಲಾಗಿ ಬಳಸುವ ಶಿಕ್ಷಕ ಅರ್ಧ ದಾರಿ ಗೆದ್ದಂತೆ.

ಮಹಾರಾಷ್ಟ್ರದಲ್ಲಿ ಹೊಸಬರು ಮೊದಲ ಮೂರು ವರ್ಷ ಶಿಕ್ಷಣ ಸೇವಕರಾಗಿ ದುಡಿಯುತ್ತಾರೆ. ಆಸರೆ ಅಗತ್ಯವಾಗಿರುವುದು ಆಗಲೇ. ಅದಕ್ಕೆ ದೊಡ್ಡ ವೆಚ್ಚ ಬೇಕಿಲ್ಲ. ಅನುಭವಿ ಶಿಕ್ಷಕಿಯೊಬ್ಬರು ವಾರಕ್ಕೊಮ್ಮೆ ಹೊಸಬರ ಎದುರಿನಲ್ಲೇ ಪಾಠ ಓದಿ, ತಮ್ಮ ಮನಸ್ಸಿನಲ್ಲಿ ನಡೆಯುವುದನ್ನು ಮಕ್ಕಳಿಗೆ ಬಾಯಿಬಿಟ್ಟು ಹೇಳಲಿ: ‘ಮೋಡ ಎಂದಿದೆ, ಅವಸರ ಎಂದಿದೆ, ಹಾಗಾದರೆ ಮಳೆ ಬರುವಂತಿದೆ, ಜೋಳ ನೆನೆಯುತ್ತದೆಂಬ ಚಿಂತೆ ಅಜ್ಜಿಗೆ.’ ಮರುವಾರ ಹೊಸಬರು ಅದನ್ನೇ ಮಾಡಲಿ, ಹಿರಿಯರು ನೋಡಲಿ. ಬಳಿಕ ಒಂದೇ ಒಂದು ಸಲಹೆ ಕೊಡಲಿ. ಹತ್ತು ತಪ್ಪು ಎಣಿಸಿದರೆ ಹೊಸಬರ ಧೈರ್ಯ ಕುಗ್ಗುತ್ತದೆ. ಇಬ್ಬರೇ ಶಿಕ್ಷಕರಿರುವ ಶಾಲೆಗಳಿಗೆ ಕೇಂದ್ರದ ಶಿಕ್ಷಣ ಪರಿಷತ್ತು ಒದಗಬಲ್ಲದು. ಅಲ್ಲಿ ಕನ್ನಡ ಶಾಲೆಗಳವರು ಪ್ರತ್ಯೇಕವಾಗಿ ಕುಳಿತು, ಬಾಲಭಾರತಿಯ ಕನ್ನಡ ಪುಸ್ತಕದ ಒಂದು ಪಾಠವನ್ನೆತ್ತಿಕೊಂಡು, ಯಾವ ಪದ ಮಕ್ಕಳಿಗೆ ತೊಡಕಾದೀತು, ಯಾವ ‘ಏಕೆ’ ಕೇಳಬೇಕು ಎಂದು ಮೊದಲೇ ಗೊತ್ತುಮಾಡಿಕೊಳ್ಳಬಹುದು.

ಇದು ಉಪಕಾರದ ಮಾತಲ್ಲ. ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸಮರ್ಪಕ ಸೌಲಭ್ಯ ಕಲ್ಪಿಸಲು ರಾಜ್ಯಗಳೂ ಸ್ಥಳೀಯ ಸಂಸ್ಥೆಗಳೂ ಪ್ರಯತ್ನಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ಕಟ್ಟಡ, ಪುಸ್ತಕಗಳಿಗಷ್ಟೇ ಆ ಸೌಲಭ್ಯ ಮುಗಿಯಬಾರದು. ಆ ಭಾಷೆಯಲ್ಲಿ ಓದು ಕಲಿಸಬಲ್ಲ ಶಿಕ್ಷಕರೂ ಅದರೊಳಗೆ ಸೇರಬೇಕು. 2021ರ ಜುಲೈ 5ರಂದು ಆರಂಭವಾದ ನಿಪುಣ್ ಭಾರತ್ ಯೋಜನೆಯ ಗುರಿಯೂ ಮೂರನೆಯ ತರಗತಿ ಮುಗಿಯುವುದರೊಳಗೆ ಮಗು ಅರ್ಥಮಾಡಿಕೊಂಡು ಓದಬೇಕೆಂಬುದೇ. ಕನ್ನಡ ಶಾಲೆಗಳ ಹೊಸಬರಿಗೆ ಕನ್ನಡದಲ್ಲೇ ತರಬೇತಿ ಕೊಡಿರೆಂದು ಶಾಲಾ ವ್ಯವಸ್ಥಾಪನ ಸಮಿತಿಯ ಮೂಲಕ ಲಿಖಿತವಾಗಿ ಕೇಳುವುದು ಪಾಲಕರ ಕರ್ತವ್ಯ.

ಮನೆಯಲ್ಲಿ ಮಾಡಬೇಕಾದದ್ದು ಇನ್ನೂ ಸುಲಭ. ಅಕ್ಷರ ಬಾರದ ತಾಯಿಯೂ ಮಗುವಿನ ಬಾಯಿಂದ ಪಾಠ ಕೇಳಿ, ‘ಮುಂದ ಏನಾತು? ಯಾಕ ಹಂಗ ಮಾಡ್ಯಾಳ?’ ಎಂದು ವಿಚಾರಿಸಬಲ್ಲಳು. ಆ ಉತ್ತರಕ್ಕಾಗಿ ಮಗು ಪುಟದಿಂದ ತಲೆಯೆತ್ತಿ ಯೋಚಿಸಿದರೆ ಓದು ಆರಂಭವಾಯಿತೆಂದೇ ತಿಳಿಯಬೇಕು.