ಮೀನು ಮತ್ತು ಕಡಲಹೂವಿನ ಸಖ್ಯ

ಕಡಲಹೂವು ಎಂದರೆ ಅನಿಮೋನ್; ಹೆಸರಿಗೆ ಹೂವಾದರೂ ಕುಟುಕುವ ಪ್ರಾಣಿ. ಇದರ ಸುಮಾರು 1,000 ಜಾತಿಗಳಲ್ಲಿ ವಿದೂಷಕ ಮೀನಿಗೆ ಆಶ್ರಯ ಕೊಡುವುವು ಹತ್ತರಷ್ಟು ಮಾತ್ರ. ಮರೂನ್ ಬಣ್ಣದ ಮೀನು ಕಡಲಿನಲ್ಲಿ ಗುಳ್ಳೆತುದಿಯ ಜಾತಿಯನ್ನೇ ಸೇರುತ್ತದೆ. ಆದುದರಿಂದ ಮನೆಯ ಗಾಜಿನ ತೊಟ್ಟಿಯಲ್ಲಿ ಇವುಗಳ ಸ್ನೇಹವನ್ನು ಬಯಸುವವರು ಮೊದಲು ಜೋಡಿಯನ್ನು ಅರಿತು ಆರಿಸಬೇಕು. ಹೂವಿನ ಮೈಯೊಳಗಿನ ಪಾಚಿಗೆ ಪ್ರಖರವಾದ ಬೆಳಕು ಬೇಕು. ತೊಟ್ಟಿಯ ನೀರೂ ಕೆಲವು ತಿಂಗಳು ಹದಗೊಂಡಿರಬೇಕು. ಮೀನನ್ನು ಬಲವಂತದಿಂದ ಒಳಕ್ಕೆ ನೂಕಬಾರದು. ಅದು ಬಾಲವನ್ನೂ ಈಜುರೆಕ್ಕೆಯನ್ನೂ ಮೆಲ್ಲಮೆಲ್ಲನೆ ತಾಗಿಸುತ್ತ ಕುಟುಕಿಗೆ ಒಗ್ಗಿಕೊಳ್ಳುತ್ತದೆ. ಮೈಯ ಮೇಲಿನ ಲೋಳೆಯೇ ಅದಕ್ಕೆ ಕವಚ. ಇದಕ್ಕೆ ಗಂಟೆಗಳೂ ಸಾಕು, ಕೆಲವೊಮ್ಮೆ ತಿಂಗಳುಗಳೂ ಸಾಲವು. ಬೇಟೆಗಾರರಿಲ್ಲದ ತೊಟ್ಟಿಯಲ್ಲಿ ಹೂವಿಲ್ಲದೆಯೂ ಮೀನು ಬಾಳಬಲ್ಲದು. ಆದರೆ ಹೂವು ಸತ್ತು ಕೊಳೆತರೆ ನೀರು ಕೆಟ್ಟು ಮೀನೂ ಸಾಯಬಹುದು. ಮೊದಲು ಹೂವು ಬಾಳಲಿ, ಸ್ನೇಹ ತಾನಾಗಿ ಬರಲಿ ಎಂಬುದೇ ನನ್ನ ಅಭಿಪ್ರಾಯ.