ಇಪ್ಪತ್ತು ವರ್ಷಕ್ಕೊಮ್ಮೆ ಹೊಸದಾಗುವ ಗುಡಿ

ಜಪಾನ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ಹೊಳೆಯುವುದು ಯಂತ್ರಗಳು: ಗಡಿಯಾರ, ಕ್ಯಾಮೆರಾ, ಮೋಟಾರು, ಬಾಣದಂತೆ ಓಡುವ ರೈಲು. ಇದು ತಪ್ಪೇನೂ ಅಲ್ಲ. 1964ರ ಅಕ್ಟೋಬರ್ 1ರಂದು ಟೋಕಿಯೋ ಮತ್ತು ಒಸಾಕಾ ನಗರಗಳ ನಡುವೆ ಗಂಟೆಗೆ 210 ಕಿಲೋಮೀಟರ್ ವೇಗದ ಶಿಂಕಾನ್‌ಸೆನ್ ರೈಲನ್ನು ಓಡಿಸಿ ಆ ಜನ ಲೋಕವನ್ನೇ ಬೆರಗುಗೊಳಿಸಿದರು. ಆದರೆ ಅದೇ ರೈಲಿನಲ್ಲಿ ನಗೋಯಾದವರೆಗೆ ಹೋಗಿ, ಅಲ್ಲಿ ಬೇರೊಂದು ರೈಲು ಹಿಡಿದರೆ ಇಸೆ ಎಂಬ ಊರು ಸಿಗುತ್ತದೆ. ನಾನು ಹೇಳಹೊರಟಿರುವುದು ಆ ಊರಿನ ದೇವಾಲಯದ ವಿಚಾರ.

ಇಸೆಯಲ್ಲಿ ಎರಡು ಮುಖ್ಯ ಗುಡಿಗಳಿವೆ. ಒಳಗುಡಿ ಸೂರ್ಯದೇವತೆಯಾದ ಅಮತೆರಾಸುವಿನದು. ಹೊರಗುಡಿ ಆಹಾರದ ಅಧಿದೇವತೆಯಾದ ತೊಯೊಉಕೆಯದು. ಕಲ್ಲಿನ ಗೋಪುರವನ್ನು ನೋಡಿ ಬೆಳೆದ ನಮ್ಮ ಕಣ್ಣಿಗೆ ಇವು ಗುಡಿಗಳೆಂದೇ ತೋರಲಾರವು. ನೆಲದಲ್ಲಿ ನೇರವಾಗಿ ಹೂಳಿದ ಮರದ ಕಂಬಗಳು, ಮೇಲೆ ಹುಲ್ಲಿನ ಮಾಡು, ಬಣ್ಣವಿಲ್ಲದ ಹಲಗೆ. ಪ್ರತಿಯೊಂದು ಗುಡಿಗೂ ಪಕ್ಕಪಕ್ಕದಲ್ಲಿ ಎರಡು ನಿವೇಶನಗಳು. ಒಂದರಲ್ಲಿ ಗುಡಿ ಇರುವಾಗ ಇನ್ನೊಂದು ಬರಿದಾಗಿರುತ್ತದೆ. ಇಪ್ಪತ್ತು ವರ್ಷವಾದೊಡನೆ ಬರಿದಾದ ನೆಲದಲ್ಲಿ ಅದೇ ಅಳತೆಯ, ಅದೇ ಆಕಾರದ ಹೊಸ ಗುಡಿಯನ್ನು ಕಟ್ಟಿ, ಒಂದು ರಾತ್ರಿ ದೀಪಗಳನ್ನೆಲ್ಲ ಆರಿಸಿ, ಬಿಳಿಯ ರೇಷ್ಮೆಯ ತೆರೆಯ ಮರೆಯಲ್ಲಿ ದೇವತೆಯನ್ನು ಅಲ್ಲಿಗೆ ಕರೆದೊಯ್ಯುತ್ತಾರೆ. ಅನಂತರ ಹಳೆಯದನ್ನು ಬಿಚ್ಚುತ್ತಾರೆ.

ಈ ಪದ್ಧತಿ ಜಿತೋ ಎಂಬ ಸಾಮ್ರಾಜ್ಞಿಯ ಕಾಲದಲ್ಲಿ, 690ರಲ್ಲಿ, ಮೊದಲಾಯಿತು. ನಡುವೆ ಅಂತರ್ಯುದ್ಧಗಳ ಕಾಲದಲ್ಲಿ ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ನಿಂತುಹೋಗಿದ್ದರೂ ಮತ್ತೆ ಎದ್ದಿತು. 2013ರಲ್ಲಿ ನಡೆದುದು 62ನೆಯದು. ಹಾಗಾದರೆ ಈ ಗುಡಿ ಹಳೆಯದೋ ಹೊಸದೋ? ಪುರಿಯಲ್ಲಿಯೂ ಜಗನ್ನಾಥನ ಮರದ ಮೂರ್ತಿಯನ್ನು 2015ರಲ್ಲಿ ಹೊಸದಾಗಿ ಮಾಡಿದರು, ದೇವರು ಹೊಸಬನೆಂದು ಯಾರೂ ಹೇಳಲಿಲ್ಲವಷ್ಟೆ.

ಇಪ್ಪತ್ತೇ ವರ್ಷ ಏಕೆ ಎಂಬುದಕ್ಕೆ ವಿದ್ವಾಂಸರು ಹಲವು ಕಾರಣಗಳನ್ನು ಕೊಡುತ್ತಾರೆ. ಹುಲ್ಲು ಕೊಳೆಯುತ್ತದೆ, ಮಣ್ಣಿನಲ್ಲಿ ಹೂತ ಕಂಬಕ್ಕೂ ಆಯುಸ್ಸು ಕಡಿಮೆ. ನನಗೆ ಹೆಚ್ಚು ಒಪ್ಪಿಗೆಯಾಗುವುದು ಇನ್ನೊಂದು ಕಾರಣ: ಇಪ್ಪತ್ತರ ಹುಡುಗ ಮೊದಲನೆಯ ಸಲ ಕೈಯಾಳಾಗಿ ಬರುತ್ತಾನೆ, ನಲವತ್ತರಲ್ಲಿ ತಾನೇ ಮೇಸ್ತ್ರಿ, ಅರವತ್ತರಲ್ಲಿ ಕುಳಿತು ತಪ್ಪು ತಿದ್ದುತ್ತಾನೆ. ಬರೆದಿಡಲಾರದ ವಿದ್ಯೆ ಕೈಯಿಂದ ಕೈಗೆ ದಾಟುವುದಕ್ಕೆ ಇದಕ್ಕಿಂತ ಒಳ್ಳೆಯ ಶಾಲೆ ಉಂಟೆ? ಮರಗೆಲಸದ ಕಟ್ಟಡಗಳನ್ನು ಕಾಪಾಡುವ ಜಪಾನೀಯರ ಈ ಬಗೆಯ ಕುಶಲವಿದ್ಯೆಗಳನ್ನು ಯುನೆಸ್ಕೋ ಸಂಸ್ಥೆ 2020ರಲ್ಲಿ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಆದರೂ ಎಲ್ಲವೂ ಅಲ್ಲಿ ಉಳಿದಿದೆಯೆಂದು ತಿಳಿಯಬಾರದು. 578ರಲ್ಲಿ ಆರಂಭವಾದ ಕೊಂಗೊ ಗುಮಿ ಎಂಬ ದೇವಾಲಯ ಕಟ್ಟುವವರ ಮನೆತನದ ಸಂಸ್ಥೆ ಸಾಲದಲ್ಲಿ ಮುಳುಗಿ 2006ರಲ್ಲಿ ಬೇರೆ ಕಂಪನಿಯ ವಶವಾಯಿತು.

ನಮ್ಮ ತಂದೆಯವರು ಬಡಗಿಗಳು. ಅಕ್ಷರ ಬಾರದು, ಊರ ತೇರಿನ ಗಾಲಿಯನ್ನು ಎರಡು ಸಲ ಹೊಸದು ಮಾಡಿದವರು. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. “ನೀನು ಓದು, ಉಳಿ ಮುಟ್ಟಬೇಡ” ಎಂದು ಅವರೇ ಹೇಳಿದ್ದರಿಂದ ನನಗೆ ಬಾಚಿ ಹಿಡಿಯಲೂ ಬಾರದು. ಈ ವರ್ಷ ನನಗೆ ಇಪ್ಪತ್ತು. ಇಸೆಯ ವಿಷಯವನ್ನು ರಜೆಯಲ್ಲಿ ಅವರಿಗೆ ಓದಿ ಹೇಳಿದೆ. ಅವರು ದೇವರ ವಿಚಾರ ಕೇಳಲಿಲ್ಲ. “ಹಳೇ ಮರ ಏನ್ಮಾಡ್ತಾರೆ?” ಎಂದರು.

ಪುಣ್ಯಕ್ಕೆ ಉತ್ತರ ಗೊತ್ತಿತ್ತು. ಮಾಡಿನ ತೊಲೆಯನ್ನು ಹೊರುವ ದೊಡ್ಡ ಕಂಬಗಳು ಉಜಿ ಸೇತುವೆಯ ಎರಡು ತುದಿಗಳ ಮಹಾದ್ವಾರಗಳಾಗುತ್ತವೆ. ಇಪ್ಪತ್ತು ವರ್ಷ ಅಲ್ಲಿ ನಿಂತು, ಬಳಿಕ ಹಳೆಯ ಯಾತ್ರಾಮಾರ್ಗದ ಕುವಾನಾ ಮತ್ತು ಸೆಕಿ ಊರುಗಳಲ್ಲಿ ಮತ್ತೆ ದ್ವಾರಗಳಾಗುತ್ತವೆ. ಉಳಿದ ಮರವನ್ನು ದೇಶದ ಇತರ ಗುಡಿಗಳಿಗೆ ಹಂಚುತ್ತಾರೆ. ಒಂದು ಸಲಕ್ಕೆ ಸುಮಾರು ಹತ್ತು ಸಾವಿರ ಹಿನೋಕಿ ಮರದ ದಿಮ್ಮಿಗಳು ಬೇಕು. ಅದಕ್ಕಾಗಿ ಇನ್ನೂರು ವರ್ಷ ಮುಂದಿನದನ್ನು ಎಣಿಸಿ 1920ರ ದಶಕದಿಂದ ಗುಡಿಯ ಕಾಡಿನಲ್ಲಿಯೇ ಸಸಿ ನೆಡುತ್ತಿದ್ದಾರೆ. ತಂದೆಯವರು ತಲೆದೂಗಿದರು.

ಮುಂದಿನ ಗುಡಿ 2033ಕ್ಕೆ. ಅದರ ವಿಧಿಗಳು 2025ರ ಮೇ ತಿಂಗಳಿನಲ್ಲಿ ಮೊದಲಾದವು. ಜೂನ್‌ನಲ್ಲಿ ಕಿಸೊ ಬೆಟ್ಟಗಳಲ್ಲಿ ಮೊದಲ ಮರಗಳನ್ನು ಕಡಿದರು. ಅಲ್ಲಿ ಗರಗಸ ಹಾಕುವುದಿಲ್ಲ. ಬುಡದ ಮೂರು ಕಡೆಗಳಿಂದ ಕೊಡಲಿಯಲ್ಲಿ ಕೊರೆದು ನಡುವೆ ಟೊಳ್ಳು ಮಾಡುತ್ತಾರೆ. ಮರ ಮೂರು ಕಾಲಿನ ಮೇಲೆ ನಿಂತಂತೆ ನಿಲ್ಲುತ್ತದೆ. ಕೊನೆಗೆ ಒಂದು ಕಾಲನ್ನು ಕಡಿದಾಗ ಬೇಕಾದ ಕಡೆಗೇ ಉರುಳುತ್ತದೆ. ಇಷ್ಟು ತೊಂದರೆ ಏಕೆಂದು ನನಗೆ ತಿಳಿದಿರಲಿಲ್ಲ. ತಂದೆಯವರು ಕೇಳಿದೊಡನೆ ನಕ್ಕರು.

“ಒಂದೇ ಕಡೆ ಕಡಿದ್ರೆ ಬೀಳುವಾಗ ತಿರುಳು ಹರಿದು ಮರ ಸೀಳಿ ಹೋಗ್ತದೆ ಕಣಪ್ಪ. ನಡುವೆ ಟೊಳ್ಳಿದ್ರೆ ಸೀಳೋಕೆ ಅಲ್ಲಿ ಏನಿದೆ?”

ಹಾಗೆಂದು ಒಲೆಯ ಬಳಿಯಿಂದ ಒಂದು ಸೌದೆಯನ್ನು ತಂದು, ಬಾಚಿಯನ್ನು ನನ್ನ ಕೈಗೆ ಕೊಟ್ಟರು.