ಊದಿದರೆ ಸಿಗದ್ದು ರಕ್ತದಲ್ಲಿ ಸಿಗುತ್ತೆ

ಶನಿವಾರ ರಾತ್ರಿ ಹನ್ನೊಂದು ಗಂಟೆ. ಬನಶಂಕರಿಯಿಂದ ಜೆ.ಪಿ. ನಗರದ ಕಡೆ ಹೊರಟರೆ ಬ್ಯಾರಿಕೇಡ್ ಹಾಕಿ ಪೊಲೀಸರು ನಿಂತಿರ್ತಾರೆ. 'ಊದಿ ಸಾರ್' ಅಂತಾರೆ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಅದು ಅಪರಾಧ. 2019ರ ತಿದ್ದುಪಡಿ ಬಂದ ಮೇಲೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ. ಇದೆಲ್ಲಾ ನಿಮಗೆ ಗೊತ್ತಿರೋದೇ.

ಆದರೆ ಬಿ.ಟಿ.ಎಂ. ಲೇಔಟ್‌ನ ಒಬ್ಬ ತಾಯಿ ನನ್ನನ್ನ ಕೇಳಿದ ಪ್ರಶ್ನೆಗೆ ಆ ಯಂತ್ರದಲ್ಲಿ ಉತ್ತರ ಇಲ್ಲ. 'ಸಾರ್, ನಮ್ಮೆಜಮಾನ್ರು ಕುಡಿಯೋದು ಬಿಟ್ಟಿದ್ದೀನಿ ಅಂತಾರೆ. ಬೆಳಗ್ಗೆ ವಾಸನೆನೂ ಇರಲ್ಲ. ನಂಬೋದೋ ಬಿಡೋದೋ?'

ನೋಡಿ, ನಮ್ಮ ದೇಹ 100 ಮಿಲಿಲೀಟರ್ ರಕ್ತಕ್ಕೆ ಗಂಟೆಗೆ ಸುಮಾರು 15 ಮಿಲಿಗ್ರಾಂ ಲೆಕ್ಕದಲ್ಲಿ ಆಲ್ಕೋಹಾಲನ್ನ ಕರಗಿಸುತ್ತೆ. ರಾತ್ರಿ 90 ಇದ್ದಿದ್ದು ಬೆಳಗಾಗೋದ್ರೊಳಗೆ ಸೊನ್ನೆ! ಅದಕ್ಕೇ ಕಾನೂನೂ ಅವಸರ ಮಾಡುತ್ತೆ. ಬಂಧಿಸಿದ ಎರಡು ಗಂಟೆಯೊಳಗೆ ಪರೀಕ್ಷೆ ಆಗಲೇಬೇಕು, ಇಲ್ಲದಿದ್ದರೆ ಬಿಡಬೇಕು. ಇನ್ನು ವೈದ್ಯರು ಬಹಳ ಕಾಲದಿಂದ ನೋಡ್ತಿದ್ದ ಲಿವರ್‌ನ ಜಿಜಿಟಿ ಪರೀಕ್ಷೆ? ಅದು ಫ್ಯಾಟಿ ಲಿವರ್ ಇದ್ದರೂ ಏರುತ್ತೆ, ಕೆಲವು ಮಾತ್ರೆಗಳಿಂದಲೂ ಏರುತ್ತೆ. ಅದೊಂದನ್ನೇ ಹಿಡಿದು 'ನೀನು ಕುಡುಕ' ಅನ್ನೋಕಾಗಲ್ಲ.

ಈಗ ಬಂದಿರೋದು ಪಿ-ಎತ್, ಅಂದರೆ ಫಾಸ್ಫಟೈಡಿಲ್ ಎಥನಾಲ್ ಪರೀಕ್ಷೆ. 1983ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಆಲ್ಕೋಹಾಲ್ ಕೊಟ್ಟ ಇಲಿಗಳ ಅಂಗಾಂಗಗಳಲ್ಲಿ ಈ ಕೊಬ್ಬಿನಂಥ ವಸ್ತುವನ್ನ ಕಂಡರು. ಆಲ್ಕೋಹಾಲ್ ಇದ್ದಾಗ ಮಾತ್ರ ಇದು ನಮ್ಮ ಕೆಂಪು ರಕ್ತಕಣದ ಪೊರೆಯಲ್ಲಿ ಹುಟ್ಟುತ್ತೆ, ನಿಧಾನಕ್ಕೆ ಕರಗುತ್ತೆ. ಹಾಗಾಗಿ ಎರಡರಿಂದ ನಾಲ್ಕು ವಾರ ಹಿಂದಿನ ಕುಡಿತದ ಗುರುತೂ ಸಿಗುತ್ತೆ. ಲಿವರ್ ಕಸಿಗೆ ಕಾಯುವವರಲ್ಲಿ, ಕಸಿ ಆದವರಲ್ಲಿ ಇದನ್ನ ಬಳಸ್ತಾರೆ.

ಹಾಗಂತ ಇದು ಬ್ರಹ್ಮಾಸ್ತ್ರ ಅಲ್ಲ. ಅಪರೂಪಕ್ಕೆ ಒಂದು ಪೆಗ್ ಹಾಕಿದ್ದು ತಪ್ಪಿಸಿಕೊಳ್ಳಬಹುದು. ಯಾವ ದಿನ, ಎಷ್ಟು ಗಂಟೆಗೆ ಕುಡಿದ ಅಂತ ಇದು ಹೇಳಲ್ಲ. ಆದ್ದರಿಂದ ರಸ್ತೆಯಲ್ಲಿ ಊದಿಸೋ ಯಂತ್ರದ ಜಾಗಕ್ಕೆ ಇದು ಬರೋಕೆ ಸಾಧ್ಯವಿಲ್ಲ.

ನನಗೆ ಭಯ ಇರೋದು ಬೇರೆ. ನಾಳೆ ಯಾವುದೋ ಕಂಪನಿ ಕೆಲಸ ಕೊಡೋ ಮುಂಚೆ ಇದನ್ನ ಕೇಳಿದರೆ? ಭಾನುವಾರ ಮನೆಯಲ್ಲಿ ಕುಡಿದಿದ್ದಕ್ಕೆ ಸೋಮವಾರ ಕೆಲಸ ಹೋದರೆ? ಚಿಕಿತ್ಸೆಗೆ ಅಂತ ಬಂದ ಪರೀಕ್ಷೆ ಶಿಕ್ಷೆಗೆ ಬಳಕೆ ಆಗಬಾರದು. ಒಪ್ಪಿಗೆ ಇಲ್ಲದೆ ಯಾರ ರಕ್ತವನ್ನೂ ಹೀಗೆ ಜಾಲಾಡಬಾರದು ಅನ್ನೋದು ನನ್ನ ವಾದ.

ಆ ತಾಯಿಗೆ ನಾನು ಹೇಳಿದ್ದಿಷ್ಟು: ಅಮ್ಮಾ, ಯಜಮಾನರನ್ನ ಹಿಡಿದುಹಾಕೋಕೆ ಲ್ಯಾಬ್‌ಗೆ ಹೋಗಬೇಡಿ. ಜಯನಗರದ ಪಕ್ಕದಲ್ಲೇ ನಿಮ್ಹಾನ್ಸ್ ಇದೆ, ಅಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರ ಇದೆ. ಇಬ್ಬರೂ ಒಟ್ಟಿಗೆ ಹೋಗಿ. ಹೋಗೋಕೆ ಸಂಕೋಚ ಆದರೆ ಮೊದಲು ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ. ಪರೀಕ್ಷೆ ಬೇಕೋ ಬೇಡವೋ ಅನ್ನೋದನ್ನ ಡಾಕ್ಟರ್ ಹೇಳ್ತಾರೆ. ಬಿಟ್ಟಿದ್ದೀನಿ ಅಂತ ಬಾಯಲ್ಲಾದರೂ ಹೇಳ್ತಿದ್ದಾರಲ್ಲ, ಬಿಡೋ ಆಸೆ ಇದ್ದಿರಲೂಬಹುದು.